ಮರದ ಸೌಟು

ಫೆಬ್ರವರಿಯ ಮೊದಲ ಶನಿವಾರ, ದೀಪಾಂಜಲಿನಗರದ ಡಿಪೋ.
ಕೊನೆಯ ಬಸ್ಸೂ ಬಂದು ಮೈ ತೊಳೆಸಿಕೊಂಡು ನಿಂತಿದೆ.
ಅದರ ಹೊಟ್ಟೆಯ ಕೆಳಗೆ ಮಲಗಿದ್ದೇನೆ ನಾನು,
ಜಾಕಿಗೆ ಒರಗಿದೆ ಫೋನು,
ಫೋನಿನೊಳಗೆ ಮಂಜು, ಹುಲ್ಲು, ಹದಿನೈದು ನೀಲಿ ಅಂಗಿ.

ಏನಪ್ಪಾ ಈ ರಗ್ಬಿ ಎಂದ ಇನಾಯತನಿಗೆ ಹೇಳಿದೆ:
ಕಬಡ್ಡಿಯವರ ಕೈಗೆ ದೊಡ್ಡದೊಂದು ಹಲಸಿನ ಬೀಜ ಕೊಟ್ಟ ಹಾಗೆ.
ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೋ
ಒದ್ದವನಿಗೂ ಗೊತ್ತಿಲ್ಲ, ದೇವರಿಗೂ ಗೊತ್ತಿಲ್ಲ.
ಮುಂದಕ್ಕೆ ಓಡಬೇಕು, ಹಿಂದಕ್ಕೇ ಕೊಡಬೇಕು.
"ನಮ್ಮ ಸಂಬಳದ ಹಾಗಾ?" ಎಂದ.
ಹ್ಞೂಂ ಎಂದೆ, ಸ್ಪ್ಯಾನರ್ ಕೇಳಿದೆ.

ಇಟಲಿಯೇ ಯಾಕೆ ಎಂದರೆ, ಕಾರಣ ಕಿವಿ.
ಅವರ ಒಂದನೇ ನಂಬರಿನವನ ಕಿವಿ
ನಾದಿ ಬಿಟ್ಟ ಹಿಟ್ಟಿನ ಹಾಗೆ ಮುರುಟಿಕೊಂಡು
ಥೇಟ್ ನಮ್ಮ ಸೋದರಮಾವ ಮುನಿಶಾಮಿಯದು.
ತಿಗಳರಪೇಟೆಯ ಗರಡಿಯ ಕೆಮ್ಮಣ್ಣಿನಲ್ಲಿ
ಇಪ್ಪತ್ತು ವರ್ಷ ಉಜ್ಜಿ ಉಜ್ಜಿ ಆದ ಕಿವಿ.
ಆ ಕಿವಿ ಇರುವ ಕಡೆಯೇ ನನ್ನ ಕಡೆ.
ಅದು ಸೋಲುವ ಕಡೆ ಎಂಬುದು ಆಮೇಲೆ ಗೊತ್ತಾಯಿತು.

ಸೋತರು.
ಎರಡನೆಯ ವಾರ ಮತ್ತೆ ಸೋತರು, ಅದೂ ಸಂಜೆ ಏಳೂಮುಕ್ಕಾಲಕ್ಕೆ,
ಮನೆಯವರೆಲ್ಲ ಎದ್ದಿರುವ ಹೊತ್ತಿನಲ್ಲಿ.
ಆರು ತಂಡದಲ್ಲಿ ಕೊನೆಗೆ ಉಳಿದವರ ಪಾಲಿಗೆ ಮರದ ಸೌಟು ಅಂತಾರೆ
ಎಂದು ಸುಗುಣಳಿಗೆ ವಿವರಿಸಿದ್ದು ನನ್ನ ತಪ್ಪು.
ಅವತ್ತಿನಿಂದ ಸಾರು ಬಡಿಸುವಾಗೆಲ್ಲ
ಸೌಟನ್ನು ಒಮ್ಮೆ ಎತ್ತಿ ತೋರಿಸುತ್ತಾಳೆ, ಮಾತಿಲ್ಲ.

ನಡುವೆ ಒಂದು ವಾರ ಬಿಡುವು.
ಆ ಶನಿವಾರ ಏನು ಮಾಡಬೇಕೆಂದು ತಿಳಿಯದೆ
ಚೆನ್ನಾಗಿದ್ದ ಗೇರ್‌ಬಾಕ್ಸ್ ಬಿಚ್ಚಿ ಮತ್ತೆ ಜೋಡಿಸಿದೆ.

ಮೂರನೆಯದು ಭಾನುವಾರ ರಾತ್ರಿ ಎಂಟೂವರೆಗೆ.
ಫೋನು ಹಿಡಿದು ಪೇಟೆಗೇ ಹೋದೆ.
ಮಾವ ಮಂಚದ ಮೇಲೆ, ಕಣ್ಣಿನ ಆಪರೇಷನ್ನಿನ ಕಪ್ಪು ಕನ್ನಡಕ.
ನಿಯಮ ಹೇಳಹೊರಟರೆ "ಅದೆಲ್ಲ ಬ್ಯಾಡ, ಸುಮ್ನಿರು" ಎಂದ.
ಅರ್ಧ ಗಂಟೆ ಆಕಳಿಸಿದ.
ಆಗ ಬಂತು ಸ್ಕ್ರಮ್:
ಎಂಟು ಜನ ಇತ್ತ, ಎಂಟು ಜನ ಅತ್ತ,
ಕೆಟ್ಟು ನಿಂತ ಒಂದೇ ಬಸ್ಸನ್ನು ಎರಡೂ ಕಡೆಯಿಂದ ತಳ್ಳುವ ಹಾಗೆ
ಹೆಗಲಿಗೆ ಹೆಗಲು, ಕಿವಿಗೆ ಕಿವಿ.
ಮಾವ ಎದ್ದು ಕೂತ.
ಕನ್ನಡಕ ತೆಗೆದ, ತೆಗೆಯಬಾರದಿತ್ತು.
"ಸೊಂಟ ಮ್ಯಾಲಿದೆ ಕಣ್ಲಾ ಅವುಂದು. ಹಿಂಗಾದ್ರೆ ಬೀಳ್ತಾನೆ."
ಬಿದ್ದ.
"ಉಸ್ರು ಬಿಟ್ಟು ಹಿಡೀಬೇಕು. ಹಿಡ್ಕಂಡ್ ಮ್ಯಾಲೆ ಬಿಡಬಾರ್ದು."
ಆ ಕಿವಿಯವನು ಮೆಲ್ಲಗೆ ಎದ್ದ, ಮುಖದ ತುಂಬ ಕೆಸರು.
ಮಾವ ಹೆಬ್ಬೆರಳಿನಿಂದ ಫೋನಿನ ಗಾಜು ಒರೆಸಿದ.

ನಾಲ್ಕನೆಯದು ನೋಡಲಾಗಲಿಲ್ಲ.
ಸಿಲ್ಕ್‌ಬೋರ್ಡಿನಲ್ಲಿ ವೋಲ್ವೋ ಕೈಕೊಟ್ಟು
ಬ್ರೇಕ್‌ಡೌನ್ ಗಾಡಿಯಲ್ಲಿ ಓಡಿದ್ದೆ.
ಮಧ್ಯರಾತ್ರಿ ಇನಾಯತನಿಂದ ಮೆಸೇಜು, ಒಂದೇ ಪದ:
ಸೌಟು.

ಮಾರ್ಚಿನ ಕೊನೆಯ ಆಟ ರಾತ್ರಿ ಒಂದೂವರೆಗೆ.
ನಾನು ಬಸ್ಸಿನಡಿ, ಮಾವ ಪೇಟೆಯಲ್ಲಿ,
ಮೊಮ್ಮಗಳ ಫೋನಿನಲ್ಲಿ ಆಟ, ತನ್ನ ಹಳೇ ಫೋನಿನಲ್ಲಿ ನಾನು.
ಇಬ್ಬರೂ ಮಾತಾಡುವುದಿಲ್ಲ, ಕರೆ ಮಾತ್ರ ಕಟ್ಟಾಗದೆ ಉಳಿದಿದೆ.
ಅವನ ಕೆಮ್ಮು, ಫ್ಯಾನಿನ ಸದ್ದು,
ಡಿಪೋದ ಗೋಡೆಯಾಚೆ ಮೈಸೂರು ರಸ್ತೆಯ ಲಾರಿಗಳು.
ಅವನ ಚಿತ್ರ ನನ್ನದಕ್ಕಿಂತ ಐದು ಸೆಕೆಂಡು ಮುಂದಿದೆ
ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಆಟ ಮುಗಿಯಲು ಹತ್ತು ನಿಮಿಷ. ನನ್ನ ಗಾಜಿನಲ್ಲಿ
ಹದಿನಾರು ಜನ ಇನ್ನೂ ಬಗ್ಗುತ್ತಿದ್ದಾರೆ,
ತೀರ್ಪುಗಾರನ ಕೈ ಇನ್ನೂ ಗಾಳಿಯಲ್ಲಿದೆ.
ಕಿವಿಯಲ್ಲಿ ಮಾವ ಕೂಗಿದ:
"ಹೋಯ್ತು! ಹೋಯ್ತು ಕಣ್ಲಾ! ಮೂರು ಹೆಜ್ಜೆ! ನಾಕು!"
ಗ್ರೀಸು ಮೆತ್ತಿದ ಕೈ ಎದೆಯ ಮೇಲಿಟ್ಟು ಕಾದೆ,
ಆಗಿಹೋದದ್ದು ಆಗಲಿ ಎಂದು.

ಆಯಿತು. ನಾಕಲ್ಲ, ಐದು ಹೆಜ್ಜೆ.

ಆಟ ಸೋತರು, ಅದು ಬೇರೆ.
ಮರುದಿನ ಸುಗುಣ ಸೌಟೆತ್ತಿದಾಗ
ನಾನೂ ತಟ್ಟೆ ಎತ್ತಿ ಹಿಡಿದೆ.

ಇನ್ನು ಅವರ ಆಟ ಜುಲೈಗೆ ಎಂದೆ ಮಾವನಿಗೆ.
ಕರಗಕ್ಕೆ ದಿನ ಎಣಿಸುತ್ತಿದ್ದವನು ಬೆರಳು ನಿಲ್ಲಿಸಿ ಕೇಳಿದ:
"ಅಲ್ಲೀಗಂಟ ಆ ಹುಡುಗ
ಯಾರ ತಾವ ಪಟ್ಟು ಕಲೀತಾನೆ?"