ದುಡ್ಡು ಆಮೇಲೆ

ಉಲಾನ್‌ಬಾತರಿನ ಈ ಶೆಡ್ಡಿನಲ್ಲಿ ಬೆಳಗಿನ ಏಳಕ್ಕೆ
ಸೊನ್ನೆಗಿಂತ ಮೂವತ್ತೈದು ಕೆಳಗೆ.
ಉಸಿರು ಬಾಯಿಂದ ಹೊರಬಿದ್ದು
ಮೀಸೆಯ ಮೇಲೇ ಕೂತುಬಿಡುತ್ತದೆ.
ಮೀಸೆ ಗೊಂಬೊಸುರೆನ್ ಮೇಸ್ತ್ರಿಯದು.
ನನಗಿರುವುದು ಬೆರಳು, ಹತ್ತು,
ಅದರಲ್ಲಿ ಟೈಪು ಮಾಡಲು ಒಪ್ಪುವುದು ನಾಲ್ಕು.
ಎಂಜಿನ್ನಿಗೆ ಕಂಬಳಿ ಹೊದಿಸಿ ಮಲಗಿಸುತ್ತಾರೆ ಇಲ್ಲಿ,
ಕುರಿಯುಣ್ಣೆಯದು, ದಪ್ಪ.
ಬಿಚ್ಚಿ ಮಡಿಸಿಟ್ಟ ಕಂಬಳಿಗಳೇ ನನ್ನ ಕುರ್ಚಿ.

ಇಪ್ಪತ್ತೆರಡು ನೋಟುಪುಸ್ತಕ. ಹಾಳೆಹಾಳೆಗೂ
ಗ್ರೀಸಿನ ಹೆಬ್ಬೆಟ್ಟು, ಸಾಲಪತ್ರದ ಹಾಗೆ.
ಅವನ್ನು ಮೂರು ಅಂಕಣಕ್ಕೆ ಇಳಿಸಬೇಕು ನಾನು:
ದೂರು, ಕಾರಣ, ಪರಿಹಾರ.
ಯಂತ್ರ ಓದುತ್ತದಂತೆ. ಓದಿ ಮೇಸ್ತ್ರಿಯಾಗುತ್ತದಂತೆ.

ಅದಕ್ಕೆ ಕೈಪಿಡಿಗಳೆಲ್ಲ ಮೊದಲೇ ಬಾಯಿಪಾಠ,
ಇಂಗ್ಲಿಷಿನವು, ಜಪಾನಿನವು.
ಆದರೆ ಈ ಊರಿನ ಚಾಲಕ ಬಂದು
"ಬ್ಯಾಟರಿಯ ಏಳನೇ ಕೋಶ ಸೋತಿದೆ" ಎನ್ನುವುದಿಲ್ಲ.
"ಏರಿನಲ್ಲಿ ಒಂಟೆ ಮಂಡಿಯೂರಿತು" ಎನ್ನುತ್ತಾನೆ.
"ಒಳಗೆ ಯಾರೋ ಮುದುಕಿ ಗಂಟಲು ಸರಿಮಾಡಿಕೊಳ್ಳುತ್ತಾಳೆ,
ಮಾತು ಮಾತ್ರ ಆಡುವುದಿಲ್ಲ" ಎನ್ನುತ್ತಾನೆ.
ಮೇಸ್ತ್ರಿ ತಲೆಯಾಡಿಸುತ್ತಾನೆ. ನಾನು ಬರೆಯುತ್ತೇನೆ:
ಮುದುಕಿ, ಎಂದರೆ ನೀರಿನ ಪಂಪು.
ಒಂಟೆ, ಎಂದರೆ ಏಳನೇ ಕೋಶ, ಕೆಲವೊಮ್ಮೆ ಒಂಬತ್ತು.

ಜಪಾನಿನಲ್ಲಿ ಯಾರೋ ಹಳತೆಂದು ಬಿಟ್ಟುಕೊಟ್ಟ ಕಾರುಗಳಿವು.
ಗುಂಡಿ ಒತ್ತಿದೊಡನೆ ಒಳಗಿನಿಂದೊಬ್ಬ ಹೆಂಗಸು
ನಯವಾಗಿ ಏನೋ ಹೇಳುತ್ತಾಳೆ, ಅಲ್ಲಿಯ ಭಾಷೆಯಲ್ಲಿ.
ಹದಿನೇಳು ವರ್ಷ ಕೇಳಿದ್ದಾನೆ ಮೇಸ್ತ್ರಿ, ಒಂದಕ್ಷರ ತಿಳಿಯದು.
"ಆಯ್ತಮ್ಮ" ಎಂದು ಬಾನೆಟ್ಟು ಎತ್ತುತ್ತಾನೆ.

ನೋಟುಪುಸ್ತಕದಲ್ಲಿ ಅಂಕಣಕ್ಕೆ ಒಗ್ಗದ್ದೂ ಇದೆ.
"ಬೆಲ್ಟು ಹೊಸದು. ಹೆಂಡತಿಗೆ ನೋವು ಶುರುವಾಗಿದೆಯಂತೆ. ದುಡ್ಡು ಆಮೇಲೆ."
"ಬ್ರೇಕು ಸರಿ. ಅಣ್ಣನ ಮಣ್ಣಿಗೆ ಹೊರಟವನು. ದುಡ್ಡು ಆಮೇಲೆ."
"ಏನೂ ಕೆಟ್ಟಿರಲಿಲ್ಲ. ಮಾತಾಡಲು ಬಂದಿದ್ದ. ಉಪ್ಪು ಚಹಾ, ಎರಡು ಬಟ್ಟಲು."
ಕಸ, ಎಂದರು ಕಚೇರಿಯವರು. ತೆಗೆ.
ತೆಗೆದೆ. ಆರುನೂರ ನಲವತ್ತು ಸಾಲು
ಕೆರೆದ ತುಕ್ಕಿನ ಹಾಗೆ ಉದುರಿದವು.

ಮೂರು ರಾತ್ರಿ ಪಳಗಿಸಿದರು.
ನಾಲ್ಕನೆಯ ಬೆಳಿಗ್ಗೆ ಅದು ಒಂಟೆಯನ್ನು ಗುರುತಿಸಿತು,
ಮುದುಕಿಯನ್ನೂ. ಮೇಸ್ತ್ರಿ ಫೋನಿಗೆ ಕಿವಿಯಿಟ್ಟು
"ಪರವಾಗಿಲ್ಲ ಶಿಷ್ಯ" ಎಂದ.
ನನ್ನ ಮಗುವಿಗೆ ಹಿಂದಿನ ದಿನದಿಂದ ಮೈ ಸುಡುತ್ತಿತ್ತು.
ಕೇಳಬಾರದಿತ್ತು. ಕೇಳಿದೆ.
ಥರ್ಮೋಸ್ಟಾಟ್ ಸಿಕ್ಕಿಕೊಂಡಿದೆ, ಎಂದಿತು.
ತಣಿಯಲು ಬಿಡಿ. ಬಿಸಿಯಿರುವಾಗ ಮುಚ್ಚಳ ತೆರೆಯಬೇಡಿ.

ನಾನು ಹೆದರಿದೆ. ಮೇಸ್ತ್ರಿ ಬಿದ್ದುಬಿದ್ದು ನಕ್ಕ.
"ನನ್ನದೂ ಇದೇ ಪಾಡು ಕಣೇ. ಸೆವ್ಜಿದ್ ಮಂಡಿನೋವೆಂದಾಗ
ನಲವತ್ತು ವರ್ಷದ ನಾಲಗೆ ಗ್ರೀಸು ಹಾಕೆಂದುಬಿಟ್ಟಿತು.
ಎರಡು ದಿನ ಒಲೆ ಹೊತ್ತಲಿಲ್ಲ."

ಒಂದೇ ಕಸುಬನ್ನು ಅರೆದು ಕುಡಿದರೆ ಉಳಿದದ್ದು ಮರೆಯುತ್ತದೆ.
ಕಚೇರಿಯಲ್ಲಿ ಈ ರೋಗಕ್ಕೂ ಹೆಸರಿದೆ, ಮದ್ದೂ ಇದೆ:
ಹಿಟ್ಟಿಗೆ ಉಪ್ಪು ಬೆರೆಸುವಂತೆ
ಲೋಕದ ಮಾತು ಒಂದಿಷ್ಟು ಬೆರೆಸಿ ಮತ್ತೆ ಕಲಿಸುವುದು.
ಎಲ್ಲಿಂದ ತರಲಿ ಲೋಕದ ಮಾತು?
ಕಸದ ಬುಟ್ಟಿ ಇನ್ನೂ ಖಾಲಿ ಮಾಡಿರಲಿಲ್ಲ.

ಈಗ ಅದು ಜ್ವರವೆಂದರೆ ಡಾಕ್ಟರ ಹತ್ತಿರ ಹೋಗಿ ಎನ್ನುತ್ತದೆ,
ಒಂಟೆಯೆಂದರೆ ಏಳನೇ ಕೋಶ.
ಆಮೇಲೆ ತುಸು ತಡೆದು, ಯಾರೂ ಕೇಳದಿದ್ದರೂ,
ದುಡ್ಡು ಆಮೇಲೆ.
ದಿನಕ್ಕೆ ಹದಿನೆಂಟು ಸಲ. ಲೆಕ್ಕ ಇಟ್ಟವನು
ಅಳಿಯ ತುವ್ಶಿನ್, ಗಲ್ಲಾಪೆಟ್ಟಿಗೆಗೆ ಗುದ್ದಿದವನೂ ಅವನೇ.
ಸರಿಮಾಡು, ಇವತ್ತೇ, ಎಂದಿದ್ದಾನೆ.

ಮಾಡುತ್ತೇನೆ. ಮೊದಲು ಬೆರಳು ಬಿಸಿಯಾಗಲಿ ಎಂದು
ಸಾಲಿನಲ್ಲಿ ನಿಂತ ಬಿಳಿ ಕಾರೊಳಗೆ ಕೂತು ಗುಂಡಿ ಒತ್ತಿದೆ.
ಆ ಹೆಂಗಸು ನಯವಾಗಿ ಏನೋ ಹೇಳಿದಳು.
ಆಯ್ತಮ್ಮ, ಎಂದೆ.