ಥರ

ನಮ್ಮೂರ ನಕಾಶೆ ತೆಗೀರಿ ಅಂದ್ರು ಸಾಲ್ಯಾಗ.
ನಾ ಗುಡ್ಡ ತೆಗದೆ ಐದು, ಕೆರೆ ಹದಿನಾಲ್ಕು.
ಮಾಸ್ತರು ಹೊಸಬರು, ಔರಾದ ಕಡೆಯವರು,
ಪೆನ್ಸಿಲ್ ಕಸಗೊಂಡು ಕೇಳಿದ್ರು:
ಈ ಬಯಲ ಸೀಮ್ಯಾಗ ಗುಡ್ಡ ಎಲ್ಲಿಂದ ಬಂದ್ವು?

ಎಲ್ಲಿಂದೂ ಬಂದಿಲ್ರಿ. ನಾವೇ ಒಟ್ಟಿದ್ದು.
ಅದು ತಿಪ್ಪವ್ವನ ಗುಡ್ಡ. ಚೂರುಗಲ್ಲಿನ ಬುಟ್ಟಿ ಹೊತ್ತು
ಮೂರು ಬಸಿರಾಗ ಆಕಿ ಅದನ್ನ ಏರಿ ಇಳದಾಳ.
ಅದು ಮುನ್ಶಿ ಗುಡ್ಡ. ಮ್ಯಾಲ ಛತ್ರಿ ಹಿಡದು ಕುಂತು
ಹಾಜರಿ ಬರೀತಿದ್ದ ವಜೀರಸಾಬ,
ಕೆಮ್ಮಿದವರಿಗೂ ಹಾಜರಿ, ಕುಂತವರಿಗೆ ಅರ್ಧ.
ಕೆರೆ ಅಂದ್ರ ಕಲ್ಲು ತೆಗೆದ ಮ್ಯಾಲ ಉಳಿದ ಜಾಗ,
ಮಳಿ ತನ್ನಷ್ಟಕ್ಕ ತಾ ಬಂದು ಕುಂತದ.

ಕಲ್ಲಿಗಿಂತ ಮೊದಲು ಊರಿಗೆ ಬ್ಯಾರೆ ಹೆಸರಿತ್ತಂತ.
ಅಜ್ಜ ಹೇಳ್ಲಾಕ ಬಾಯಿ ತೆಗೀತಿದ್ದ,
ಕೆಮ್ಮು ಬರ್ತಿತ್ತು, ಮರೀತಿದ್ದ.
ನಿಜಾಮನ ಕಾಲ, ರೈಲು ಹೊಸದು.
ಕಾಗಿಣಾ ದಂಡಿಯಿಂದ ಎರಡು ಹರದಾರಿ,
ಎರಿಮಣ್ಣು ಮೊಣಕಾಲುದ್ದ ಸರಿಸಿದ್ರ ಸಾಕು,
ಯಾರೋ ಮದುವಿಗೆ ಹಾಸಿ ಮರೆತು ಹೋದಂಗ ಕಲ್ಲು.
ಮ್ಯಾಲಿನ ಥರ ಹಳದಿ, ದನದ ಕೊಟ್ಟಿಗಿಗೆ.
ಎರಡನೇದು ಬೂದಿ, ಊರವರ ಮಾಳಗಿಗೆ.
ಮೂರನೇದು ನೀಲಿ.
ನೀಲಿ ಅಂದ್ರ ಮುಂಬೈ ಗಿರಾಕಿ, ಅಂದಿನ ರಾತ್ರಿ ಮಟನ್.
ಅದರ ಕೆಳಗಿನ ಥರಕ್ಕ ಹೆಸರಿಡಲಿಲ್ಲ,
ಅಲ್ಲಿ ನೀರು ಒಸರ್ತಿತ್ತು.

ಕಲ್ಲು ಒಡೀಬಾರದು, ಏಳಿಸಬೇಕು ಅಂತಿದ್ದ ಅಪ್ಪ.
ಸಂದಿನಾಗ ಹಾರಿ ಇಟ್ಟು, ಉಸಿರು ಬಿಗಿಹಿಡದು,
ಒಂಚೂರು.
ಇನ್ನ ಒಂಚೂರು.
ಎದ್ದ ಮ್ಯಾಲ ಬೆರಳಿನ ಗೆಣ್ಣಿಲೆ ಬಡೀತಿದ್ದ:
ಠಣ್ ಅಂದ್ರ ಲಾರಿಗೆ, ಥಪ್ ಅಂದ್ರ ಗುಡ್ಡಕ್ಕ.
ಮನ್ಯಾಗೂ ಅದೇ ಚಟ. ಕೊಡ, ಕಲ್ಲಂಗಡಿ, ಬಾಗಿಲು.
ನನ್ನ ನೋಡ್ಲಾಕ ಬಂದ ವರನ ಬೆನ್ನಿಗೂ ಒಮ್ಮಿ ಬಡದ,
ಶಾಬಾಸ್ ಅನ್ನೋ ನೆವದಾಗ.
ರಾತ್ರಿ ಅವ್ವಗ ಹೇಳಿದ್ದು ಕೇಳಿಸ್ತು: ನೀಲಿ ಇಲ್ಲ, ಬೂದಿ.
ಬೂದಿ ನಡೀತದ.

ಆಮೇಲೆ ಗುಜರಾತಿನ ಟೈಲ್ಸ್ ಬಂದ್ವು,
ಮುಖ ಕಾಣೋವು, ಕಾಲು ಜಾರೋವು.
ಒಂದು ಸೋಮವಾರ ಸೇಠ್ ಬರಲಿಲ್ಲ.
ಮಂಗಳವಾರ ಲಾರಿ ಬರಲಿಲ್ಲ.
ಬುಧವಾರ ಇಂಜಿನ್ ಬಿಚ್ಚಿ ಒಯ್ದರು,
ಅದು ಅಷ್ಟು ದಿನ ಹೊರಗ ಚೆಲ್ಲಿದ ನೀರು
ಹೊಳ್ಳಿ ಬರ್ಲಾಕ ಹತ್ತಿತು, ದಾರಿ ಕೇಳದಂಗ.

ವಾಡಿ ಸಿಮೆಂಟಿಗೆ ಕೆಲವರು ಹೋದ್ರು, ಅದೂ ಕಲ್ಲೇ,
ಆದ್ರ ಅಲ್ಲಿ ಅದನ್ನ ಹಿಟ್ಟು ಮಾಡ್ತಾರ.
ಅಪ್ಪ ಹೋಗಲಿಲ್ಲ.
ಇಡೀ ಇಡೀ ಎಬ್ಬಿಸಿದವ ನಾ, ಅಂದ.

ಸೊಲ್ಲಾಪುರದ ದವಾಖಾನ್ಯಾಗ ಡಾಕ್ಟರ್ ಸಣ್ಣ ಹುಡುಗಿ.
ಅವನ ಬೆನ್ನಿನ ಮ್ಯಾಲ ಎಡಗೈ ಹಾಸಿ
ಬಲಗೈ ಬೆರಳಿಲೆ ಬಡದಳು. ಸರಿಸಿದಳು. ಬಡದಳು.
ಅಪ್ಪ ಕಣ್ಣು ಮುಚ್ಚಿ ಕೇಳ್ತಿದ್ದ,
ಆಕಿ ಬಾಯಿ ಬಿಡೋ ಮೊದಲೇ ಅಂದ:
ಬಲಕ್ಕ, ಕೆಳಗಿನ ಥರ. ಥಪ್ ಅಂತು, ಅಲ್ಲ ಬೇಟಿ?
ಆಕಿಗೆ ಕನ್ನಡ ಬರ್ತಿದ್ದಿಲ್ಲ.
ನಾ ತಿಳಿಸಿ ಹೇಳಲಿಲ್ಲ.
ಕೆಳಗ ನೋಡಿದೆ: ವಾರ್ಡಿನ ತುಂಬ ನೀಲಿ ಫರಸಿ,
ಫಿನಾಯಿಲಿನ ವಾಸನಿ,
ಅದರ ಮ್ಯಾಲ ಅಪ್ಪನ ಬರಿಗಾಲು, ಹೆಬ್ಬೆರಳು
ಸಂದು ಹುಡುಕ್ತಿತ್ತು.

ಮೊನ್ನೆ ಸರ್ವೇದವರು ಬಂದು
ಕೆರೆ ಹದಿನಾಲ್ಕು ಅಂತ ಬರಕೊಂಡ್ರು, ಗುಡ್ಡ ನಾಕು.
ಮುನ್ಶಿ ಗುಡ್ಡ ರೋಡಿನ ಕೆಳಗ ಹೋಗ್ಯದ.

ಒಂಬತ್ತನೇ ಖಣಿಯಾಗ ಈಗ ಮೈಬು ಮೀನು ಸಾಕ್ಯಾನ.
ಬ್ಯಾಸಗಿಗೆ ನೀರು ಇಳದಾಗ ಒಂದು ಹಾರಿಯ ತುದಿ ಕಾಣ್ತದ,
ಕಡೀ ಶನಿವಾರ ಸಂದಿನಾಗ ಇಟ್ಟು
ಸೋಮವಾರ ಏಳಿಸ್ತೀನಿ ಅಂತ ಅಪ್ಪ ಬಿಟ್ಟು ಬಂದದ್ದು.
ಮೈಬು ಅದಕ್ಕ ತೆಪ್ಪ ಕಟ್ಟತಾನ.
ಜಗ್ಗಿ ನೋಡೀನಿ ಅಕ್ಕಾ, ಅಂದ,
ಭಾಳ ಗಟ್ಟಿ ಅದ.