ಹತ್ತಕ್ಕೆ ಐದು

ಔಲು ಊರಲ್ಲಿ ಎರಡೂವರೆಗೇ ಕತ್ತಲು.
ರಾತ್ರಿಪಾಳಿಯ ನರ್ಸ್ ತೂಲಿಕ್ಕಿ
ಕಾಫಿ ಆರಲು ಬಿಟ್ಟು ತೀರ್ಪು ಬರೆಯುತ್ತಾಳೆ:

ಕತೆ ಹಳಸಲು. ಮತ್ತದೇ ಡ್ರ್ಯಾಗನ್, ಮತ್ತದೇ ಕಿರೀಟ.
ಮಂತ್ರಿ ದ್ರೋಹಿಯೆಂದು
ಅವನ ಗಡ್ಡ ಕಂಡಾಗಲೇ ಗೊತ್ತಾಯ್ತು.
ಮಾಟಗಾತಿಗೆ ಮಾತು ಜಾಸ್ತಿ. ಕುಳ್ಳ ಕಮ್ಮಾರನ ಹಾಸ್ಯ
ಉಪ್ಪಿಲ್ಲದ ಗಂಜಿ.
ಹತ್ತಕ್ಕೆ ಐದು.

ಆದರೆ ಆ ಕುಂಟ ಬಿಲ್ಲುಗಾರ,
ಸೇತುವೆಯ ಬಳಿ ‘ನೀನು ಬೇಡ’ ಅಂದಾಗ
ಅಂಗಲಾಚಲಿಲ್ಲ, ಶಪಿಸಲಿಲ್ಲ.
ಎರವಲು ಪಡೆದ ಚಾಕು ಒರೆಸಿ ಕೊಟ್ಟ,
ಹಿಡಿಕೆ ನನ್ನ ಕಡೆಗಿಟ್ಟು.

ಐದನ್ನು ಅಳಿಸಿ ಸುಮ್ಮನೆ ಕೂತಳು.

ಸೇತುವೆಗೆ ಮುಂಚಿನ ಸೇವ್ ತೆರೆದು
ಈ ಸಲ ‘ಬಾ’ ಅಂದಳು.
ಬಂದ, ಸೊಂಟದಲ್ಲಿ ಅವಳದೇ ಚಾಕು,
ಸೀಟಿ ಹಾಕುತ್ತ.
ಅವನಿಗೇನೂ ನೆನಪಿಲ್ಲ.

ಅಂಕದ ಜಾಗ ಖಾಲಿ.
ಪಾಳಿಗೆ ಹೊತ್ತಾಯಿತು.